ಶಿಗ್ಗಾಂವಿ ಕ್ಷೇತ್ರ ಹೇಳುವ ಮತದ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕಾರ್ಯನಿರ್ವಾಹಕ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

‘ಲಿಂಗಾಯತರು ಮತ್ತು ರಾಜಕಾರಣ’ ಎಂಬ ವಿಷಯ ಕೊಟ್ಟು ಮಾತಾಡಲು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ವಿಷಯ ಬಹಳ ದೊಡ್ಡದು. ಅದರ ಮೇಲೆ ಭಾಷಣ ಮಾಡುವವರಿಗೂ ಕೊರತೆಯಿಲ್ಲ. ನಾನು ರಾಜಕಾರಣಿಯೂ ಅಲ್ಲ, ಪತ್ರಕರ್ತನೂ ಅಲ್ಲ. ನೀರಾವರಿ ಇಲಾಖೆಯಲ್ಲಿ ಮೂರು ದಶಕ ಕೆಲಸ ಮಾಡಿದವನು. ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಕಾಲುವೆಯಲ್ಲಿ ನೀರು ಎಷ್ಟು ಹರಿಯುತ್ತದೆ ಎಂದು ಕೇಳಿದರೆ ಕಣ್ಣಳತೆಯ ಮೇಲೆ ಹೇಳುವಂತಿಲ್ಲ, ಅಳೆದು ಹೇಳಬೇಕು. ಹೀಗಾಗಿ ಇಡೀ ರಾಜ್ಯದ ಮಾತು ಬಿಟ್ಟು, ಒಂದೇ ಒಂದು ವಿಧಾನಸಭಾ ಕ್ಷೇತ್ರವನ್ನು ತೆಗೆದುಕೊಂಡು, ಅಲ್ಲಿಯ ಜನ ಇಷ್ಟು ವರ್ಷ ಯಾರನ್ನು ಆರಿಸಿ ಕಳಿಸಿದ್ದಾರೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಆಮೇಲೆ ಕೂಡಿ ವಿಚಾರ ಮಾಡೋಣ.

ಆ ಕ್ಷೇತ್ರ ಹಾವೇರಿ ಜಿಲ್ಲೆಯ ಶಿಗ್ಗಾಂವಿ. ಇದನ್ನೇ ಆರಿಸಲು ಕಾರಣವಿದೆ. ಇದು ಲಿಂಗಾಯತರು ಎಲ್ಲರಿಗಿಂತ ಹೆಚ್ಚಿಗೆ ಇರುವ ಕ್ಷೇತ್ರ. ಆದ್ದರಿಂದ ಇಲ್ಲಿ ಗೆಲ್ಲುವುದು ಸೋಲುವುದು ಎಲ್ಲ ನಮ್ಮವರ ಒಗ್ಗಟ್ಟಿನ ಮೇಲೆ ನಿಂತಿದೆ ಎಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ. ಈ ಮಾತು ಎಷ್ಟು ನಿಜ ಎಂದು ಅಳೆದು ನೋಡಬೇಕಾಗಿದೆ.

ನೆಲದ ಪರಿಚಯ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಮೇಲೆ ಶಿಗ್ಗಾಂವಿ, ಅದರಾಚೆ ಬಂಕಾಪುರ. ಪೂರ್ವಕ್ಕೆ ಸವಣೂರು. ಶಿಗ್ಗಾಂವಿ ತಾಲ್ಲೂಕು ಮತ್ತು ಸವಣೂರು ತಾಲ್ಲೂಕಿನ ಭಾಗ ಸೇರಿ ಇಂದಿನ ಕ್ಷೇತ್ರವಾಗಿದೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ, ಶೇಂಗಾ ಬೆಳೆಯುವ ನೆಲ. ಸವಣೂರಿನ ಎಲೆ, ಸವಣೂರಿನ ಖಾರ ಎಂದರೆ ನಿಮಗೆಲ್ಲ ಗೊತ್ತು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಉಳಿದ ಭಾಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು.

ಈ ನೆಲಕ್ಕೆ ಇನ್ನೊಂದು ಗುರುತಿದೆ. ಕನಕದಾಸರು ಹುಟ್ಟಿದ ಬಾಡ ಇಲ್ಲಿದೆ. ಸಂತ ಶಿಶುನಾಳ ಶರೀಫರ ಊರು ಶಿಶುವಿನಹಾಳ ಇಲ್ಲಿದೆ. ಶರೀಫರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಶರೀಫರ ತಂದೆ ಇಮಾಮ್ ಸಾಹೇಬರು ನಡೆದುಕೊಳ್ಳುತ್ತಿದ್ದ ಹುಲಗೂರಿನ ಖಾದರಿ ಗುರುಗಳನ್ನು ಜನ ಖಾದರಲಿಂಗ ಎಂದು ಕರೆದರು. ಅವರು ಶಿಷ್ಯರಿಗೆ ಲಿಂಗದೀಕ್ಷೆ ಕೊಡುತ್ತಿದ್ದರೆಂಬ ಪ್ರತೀತಿ ಇದೆ. ಶರೀಫರ ಗದ್ದುಗೆಗೆ ಇಂದಿಗೂ ಎರಡೂ ಸಮಾಜದ ಜನ ನಡೆದುಕೊಳ್ಳುತ್ತಾರೆ. ಈ ಮಾತನ್ನು ಇಲ್ಲಿಗೇ ಬಿಟ್ಟು ಚುನಾವಣೆಗೆ ಬರುತ್ತೇನೆ.

ನಿಜಲಿಂಗಪ್ಪನವರಿಂದ ನದಾಫರವರೆಗೆ

ರಾಜ್ಯ ಒಂದಾದ ಮೇಲೆ ಮೊದಲ ಚುನಾವಣೆ 1957ರಲ್ಲಿ ಆಯಿತು. ಆಗ ವಿಧಾನಸಭೆಯಲ್ಲಿ 208 ಸ್ಥಾನ. 1967ಕ್ಕೆ 216, 1978ರಿಂದ 224. ಮೊದಲ ಎರಡು ಚುನಾವಣೆಗಳಲ್ಲಿ ಶಿಗ್ಗಾಂವಿ ಕಾಂಗ್ರೆಸ್ಸಿಗೆ ಒಲಿಯಿತು. ಆ ಕಾಲಕ್ಕೆ ಅದು ವಿಶೇಷವಲ್ಲ. ಸ್ವಾತಂತ್ರ್ಯ ಹೋರಾಟ ಮಾಡಿದ ಪಕ್ಷ, ಏಕೀಕರಣ ಮಾಡಿದ ಪಕ್ಷ ಎಂಬ ಗೌರವ ಜನರಲ್ಲಿತ್ತು.

1967ರಲ್ಲಿ ಶಿಗ್ಗಾಂವಿಯಿಂದ ಗೆದ್ದವರು ಎಸ್. ನಿಜಲಿಂಗಪ್ಪನವರು. ಅವರು ಚಿತ್ರದುರ್ಗದ ಕಡೆಯವರು. 1962ರಲ್ಲಿ ತಮ್ಮದೇ ಸೀಮೆಯ ಹೊಸದುರ್ಗದಲ್ಲಿ ಸೋತಿದ್ದರು. ಆಗ ಎಸ್.ಆರ್. ಕಂಠಿಯವರು ಸ್ವಲ್ಪ ಕಾಲ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಅಧಿಕಾರ ವಹಿಸಿಕೊಂಡರು. ಮುಂದಿನ ಚುನಾವಣೆಗೆ ಶಿಗ್ಗಾಂವಿಗೆ ಬಂದರು. ಏಕೀಕರಣಕ್ಕಾಗಿ ದುಡಿದ ಹಿರಿಯರೆಂದು ಮುಂಬಯಿ ಕರ್ನಾಟಕದ ಜನ ದೂರದ ಊರಿನವರನ್ನು ತಮ್ಮವರೆಂದು ಕೈಹಿಡಿದರು. ಹೀಗೆ ಈ ಕ್ಷೇತ್ರ ಮೊದಲ ಸಲ ಮುಖ್ಯಮಂತ್ರಿಯ ಕ್ಷೇತ್ರವಾಯಿತು.

ನಿಜಲಿಂಗಪ್ಪನವರಂಥ ದೊಡ್ಡ ಲಿಂಗಾಯತ ನಾಯಕರು ಪ್ರತಿನಿಧಿಸಿದ ಕ್ಷೇತ್ರ ಅವರ ನಂತರ ಯಾರನ್ನು ಆರಿಸಿತು? 1972ರಲ್ಲಿ ಎಂ.ಕೆ. ನದಾಫ ಎಂಬ ಮುಸ್ಲಿಂ ಅಭ್ಯರ್ಥಿಯನ್ನು. ಅವರು 1978ರಲ್ಲಿ ಮತ್ತೆ ಗೆದ್ದರು. 1983ರಲ್ಲಿ ಮತ್ತೆ. ನದಾಫ ಎಂಬ ಮನೆತನದ ಹೆಸರೇ ಹತ್ತಿ ಹಿಂಜುವ ಕಾಯಕದಿಂದ ಬಂದದ್ದು. ಒಂದು ಸಲ ಗೆದ್ದಿದ್ದರೆ ದೇವರಾಜ ಅರಸರ ಗಾಳಿ, ಇಂದಿರಾ ಗಾಂಧಿಯವರ ಗಾಳಿ ಎನ್ನಬಹುದಾಗಿತ್ತು. 1972 ಮತ್ತು 1978ಕ್ಕೆ ಆ ಮಾತು ಒಪ್ಪಬಹುದು. 1983ಕ್ಕೆ ಒಪ್ಪಲು ಬರುವುದಿಲ್ಲ. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಗಾಳಿ ಎದುರಿಗಿದ್ದಾಗಲೂ ನದಾಫರು ಗೆದ್ದರು ಎಂದರೆ ಜನ ಅವರನ್ನು ನೋಡಿ ಮತ ಹಾಕಿದ್ದಾರೆ ಎಂದೇ ಅರ್ಥ.

ಗಾಳಿಗೆ ಎದುರಾದ ಕ್ಷೇತ್ರ

1985ರಲ್ಲಿ ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. ಜನತಾ ಪಕ್ಷಕ್ಕೆ 139 ಸ್ಥಾನ ಬಂದವು. ಇಂಥ ದೊಡ್ಡ ಅಲೆಯಲ್ಲಿ ಶಿಗ್ಗಾಂವಿ ಜನತಾ ಪಕ್ಷವನ್ನೂ ಆರಿಸಲಿಲ್ಲ, ಕಾಂಗ್ರೆಸ್ಸನ್ನೂ ಆರಿಸಲಿಲ್ಲ. ಪಕ್ಷೇತರರಾದ ನೀಲಕಂಠಗೌಡ ಪಾಟೀಲರನ್ನು ಗೆಲ್ಲಿಸಿತು.

1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಾಗ ಇಲ್ಲಿಯೂ ಕಾಂಗ್ರೆಸ್ಸಿನ ಮಂಜುನಾಥ ಕುನ್ನೂರ ಗೆದ್ದರು. 1994ರಲ್ಲಿ ಜನತಾದಳ 115 ಸ್ಥಾನ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು. ಶಿಗ್ಗಾಂವಿಯಲ್ಲಿ ಮತ್ತೆ ಕಾಂಗ್ರೆಸ್ಸಿನ ಕುನ್ನೂರರೇ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ 132 ಸ್ಥಾನ ಗೆದ್ದಿತು. ಜೆಡಿಎಸ್‌ಗೆ ಇಡೀ ರಾಜ್ಯದಲ್ಲಿ ಬಂದದ್ದು ಬರೀ 10. ಆ ಹತ್ತರಲ್ಲಿ ಒಂದು ಶಿಗ್ಗಾಂವಿ! ಗೆದ್ದವರು ಸಯ್ಯದ್ ಅಜ್ಜಂಪೀರ ಖಾದ್ರಿ. 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಶಿಗ್ಗಾಂವಿಯ ಜನ ಪಕ್ಷೇತರರಾದ ರಾಜಶೇಖರ ಸಿಂಧೂರ ಅವರನ್ನು ಕಳಿಸಿದರು.

ಇದನ್ನೆಲ್ಲ ಒಂದು ಕಾಗದದ ಮೇಲೆ ಸಾಲಾಗಿ ಬರೆದು ನೋಡಿದೆ. 1983, 1985, 1994, 1999, ಮುಂದೆ 2013 ಮತ್ತು 2023. ಈ ಆರೂ ಸಲ ಬೆಂಗಳೂರಿನಲ್ಲಿ ಒಂದು ಪಕ್ಷ ಸರಕಾರ ಮಾಡಿತು, ಶಿಗ್ಗಾಂವಿ ಬೇರೊಬ್ಬರನ್ನು ಕಳಿಸಿತು. ಆಡಳಿತ ಪಕ್ಷದ ಶಾಸಕ ಇದ್ದರೆ ಅನುದಾನ ಬರುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ಆ ಆಸೆಗೂ ಈ ಜನ ಸುಲಭವಾಗಿ ಬಗ್ಗಿದವರಲ್ಲ.

ಆ ವರ್ಷಗಳಲ್ಲಿ ಸರಕಾರಿ ನೌಕರರೆಲ್ಲರಂತೆ ನನಗೂ ಚುನಾವಣೆ ಕರ್ತವ್ಯ ಬರುತ್ತಿತ್ತು. ಮೊದಮೊದಲು ಪ್ರಿಸೈಡಿಂಗ್ ಅಧಿಕಾರಿ, ಆಮೇಲೆ ಸೆಕ್ಟರ್ ಅಧಿಕಾರಿ. ಧಾರವಾಡ ಜಿಲ್ಲೆ ಒಡೆದು 1997ರಲ್ಲಿ ಹಾವೇರಿ ಜಿಲ್ಲೆ ಆಗುವ ಮೊದಲು ಎಲ್ಲಿ ಬೇಕಾದರೂ ಹಾಕುತ್ತಿದ್ದರು. ತಗಡಿನ ಪೆಟ್ಟಿಗೆ, ಅರಗು, ದಾರ, ಮತಪತ್ರದ ಕಟ್ಟು, ಮೈಸೂರಿನ ಶಾಯಿ ತೆಗೆದುಕೊಂಡು ಹಿಂದಿನ ದಿನವೇ ಹಳ್ಳಿಯ ಶಾಲೆಯಲ್ಲಿ ಮಲಗಬೇಕು. ಒಂದೂರಲ್ಲಿ ನಮಗೆ ಊಟ ತಂದ ಹಿರಿಯರನ್ನು ಸಿಬ್ಬಂದಿಯೊಬ್ಬ ಚೇಷ್ಟೆಗೆ, ‘ಅಜ್ಜಾರ, ಈ ಸಲ ಯಾರಿಗ್ರಿ?’ ಎಂದು ಕೇಳಿಬಿಟ್ಟ. ಅವರು ತಾಟು ಇಡುತ್ತಾ, ‘ಊಟಾ ಮಾಡ್ರಿ ಸಾಹೇಬ್ರ. ಮತಾ ಪೆಟಗ್ಯಾಗ ಹಾಕೂದು, ಬಾಯಾಗ ಹಾಕೂದಲ್ಲ’ ಎಂದರು. ಗುಪ್ತ ಮತದಾನ ಎಂದರೇನು ಎಂಬುದನ್ನು ಯಾವ ಕೈಪಿಡಿಯೂ ಇಷ್ಟು ಚೊಕ್ಕವಾಗಿ ಹೇಳಿಲ್ಲ.

ನೀರು ಮತ್ತು ಮತ

2008ರಲ್ಲಿ ಕ್ಷೇತ್ರಗಳ ಗಡಿ ಬದಲಾದವು. ಶಿಗ್ಗಾಂವಿ 83ನೇ ಕ್ಷೇತ್ರವಾಯಿತು. ಆ ವರ್ಷವೇ ಬಿಜೆಪಿ ಸೇರಿದ ಬಸವರಾಜ ಬೊಮ್ಮಾಯಿಯವರು ಇಲ್ಲಿಂದ ನಿಂತರು. ಎಸ್.ಆರ್. ಬೊಮ್ಮಾಯಿಯವರ ಮಗ, ಓದಿನಿಂದ ಮೆಕ್ಯಾನಿಕಲ್ ಇಂಜಿನಿಯರ್, ಅದಕ್ಕೆ ಮೊದಲು ವಿಧಾನ ಪರಿಷತ್ತಿನ ಸದಸ್ಯರು. 63,780 ಮತ ಪಡೆದು, 50,918 ಪಡೆದ ಕಾಂಗ್ರೆಸ್ಸಿನ ಖಾದ್ರಿಯವರನ್ನು 12,862 ಮತಗಳಿಂದ ಸೋಲಿಸಿದರು. ಜಲಸಂಪನ್ಮೂಲ ಸಚಿವರಾದರು. ವರದಾ ನದಿಯಿಂದ ನೀರೆತ್ತುವ ಶಿಗ್ಗಾಂವಿ ಏತ ನೀರಾವರಿ ಯೋಜನೆಯ ಕೆಲಸ ಅವರ ಕಾಲದಲ್ಲಿ ನಡೆಯಿತು. ಮಳೆಯನ್ನೇ ನಂಬಿದ ರೈತನ ಹೊಲದ ಬದುವಿಗೆ ನೀರು ಬಂದರೆ ಆತ ಅದನ್ನು ಮರೆಯುವುದಿಲ್ಲ. ಇದು ನೀರಾವರಿಯಲ್ಲಿ ಕೆಲಸ ಮಾಡಿದವನ ಅನುಭವದ ಮಾತು.

2013ರಲ್ಲಿ ಬಿಜೆಪಿ ಒಡೆದು ಹೋಗಿತ್ತು. ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿದ್ದರು. ಕಾಂಗ್ರೆಸ್ 122 ಸ್ಥಾನ ಗೆದ್ದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದರು. ಆದರೂ ಬೊಮ್ಮಾಯಿಯವರು 73,007 ಮತ ಪಡೆದರು, ಖಾದ್ರಿಯವರು 63,504. ಅಂತರ 9,503.

ಈಗ 2018ಕ್ಕೆ ಬರುತ್ತೇನೆ. ಈ ಸಭೆಗೆ ಇದು ಮುಖ್ಯವಾದ ವರ್ಷ. ಲಿಂಗಾಯತ ಸ್ವತಂತ್ರ ಧರ್ಮದ ಬೇಡಿಕೆ ಊರೂರಿನಲ್ಲಿ ಚರ್ಚೆಯಾಗಿತ್ತು. ದೊಡ್ಡ ದೊಡ್ಡ ಸಮಾವೇಶಗಳಾಗಿದ್ದವು. ಮಾರ್ಚ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರಕ್ಕೆ ಶಿಫಾರಸು ಮಾಡಿತು, ಮೇ ತಿಂಗಳಲ್ಲಿ ಮತದಾನ. ಇದರಿಂದ ಕಾಂಗ್ರೆಸ್ಸಿಗೆ ಲಿಂಗಾಯತ ಮತ ಹರಿದು ಬರುತ್ತದೆ ಎಂದು ಕೆಲವರು, ಇದ್ದ ಮತವೂ ಹೋಗುತ್ತದೆ ಎಂದು ಕೆಲವರು ವಾದ ಮಾಡಿದರು. ಫಲಿತಾಂಶ ಬಂದ ಮೇಲೂ ಎರಡೂ ಕಡೆಯವರು ತಮ್ಮ ತಮ್ಮ ವಾದಕ್ಕೆ ಪುರಾವೆ ಹುಡುಕಿದರು.

ಶಿಗ್ಗಾಂವಿಯಲ್ಲಿ ಆದದ್ದೇನು? ಅದೇ ಇಬ್ಬರು ಅಭ್ಯರ್ಥಿಗಳು. ಬೊಮ್ಮಾಯಿಯವರಿಗೆ 83,868, ಖಾದ್ರಿಯವರಿಗೆ 74,603. ಅಂತರ 9,265. ಐದು ವರ್ಷದ ಹಿಂದಿನ ಅಂತರಕ್ಕೂ ಇದಕ್ಕೂ ಇರುವ ವ್ಯತ್ಯಾಸ 238 ಮತ! ಬೊಮ್ಮಾಯಿಯವರಿಗೆ 10,861 ಮತ ಹೆಚ್ಚಾದವು, ಖಾದ್ರಿಯವರಿಗೆ 11,099 ಹೆಚ್ಚಾದವು. ಇಬ್ಬರೂ ಸರಿಸಮನಾಗಿ ಬೆಳೆದರು.

ಬಂಧುಗಳೇ, ನಮ್ಮ ಧರ್ಮದ ಪ್ರಶ್ನೆ ಇಡೀ ರಾಜ್ಯದಲ್ಲಿ ಕಾವೇರಿದ್ದ ಹೊತ್ತಿನಲ್ಲಿ, ಲಿಂಗಾಯತರೇ ಹೆಚ್ಚಿಗೆ ಇರುವ ಕ್ಷೇತ್ರದಲ್ಲಿ, ಅಂತರ ಅಲುಗಾಡಿದ್ದು ಇಷ್ಟೇ. ಧರ್ಮದ ಬೇಡಿಕೆ ಜನರಿಗೆ ಬೇಡವಾಗಿತ್ತು ಎಂದು ಇದರ ಅರ್ಥವಲ್ಲ. ಧರ್ಮದ ಪ್ರಶ್ನೆಯನ್ನು ಮತಗಟ್ಟೆಯಲ್ಲಿ ತೀರ್ಮಾನಿಸಲು ಜನ ಹೋಗಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಆ ಪ್ರಶ್ನೆ ಗೋಷ್ಠಿಯಲ್ಲಿ, ಗ್ರಂಥದಲ್ಲಿ, ನ್ಯಾಯಾಲಯದಲ್ಲಿ, ನಮ್ಮ ಮನೆಯ ಆಚರಣೆಯಲ್ಲಿ ತೀರ್ಮಾನವಾಗಬೇಕಾದದ್ದು. ಜನ ಎರಡನ್ನೂ ಬೇರೆ ಬೇರೆ ಇಟ್ಟರು. ನಾವು ಮುಂದಾಳುಗಳೇ ಬೆರೆಸಿದ್ದೆವು.

ಒಂದೂವರೆ ವರ್ಷದಲ್ಲಿ ಆದ ಬದಲಾವಣೆ

2021ರ ಜುಲೈ 28ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಶಿಗ್ಗಾಂವಿ ಎರಡನೆಯ ಸಲ ಮುಖ್ಯಮಂತ್ರಿಯ ಕ್ಷೇತ್ರವಾಯಿತು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗಲೂ ಅವರು 1,00,016 ಮತ ಪಡೆದರು. ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರಿಗೆ 64,038. ಅಂತರ 35,978. ಹಿಂದಿನ ಮೂರೂ ಸಲಕ್ಕಿಂತ ದೊಡ್ಡದು. ಇನ್ನು ಈ ಕ್ಷೇತ್ರ ಖಾಯಂ ಆಯಿತು ಎಂದು ಎಲ್ಲರೂ ತಿಳಿದರು.

2024ರಲ್ಲಿ ಬೊಮ್ಮಾಯಿಯವರು ಹಾವೇರಿ ಲೋಕಸಭಾ ಕ್ಷೇತ್ರದಿಂದ ನಿಂತು ಗೆದ್ದರು. ಇಲ್ಲೊಂದು ಸೋಜಿಗವಿದೆ. ಶಿಗ್ಗಾಂವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಅದು ಧಾರವಾಡ ಕ್ಷೇತ್ರಕ್ಕೆ ಸೇರಿದೆ. ಹದಿನಾರು ವರ್ಷ ಅವರನ್ನು ಶಾಸಕರನ್ನಾಗಿ ಇಟ್ಟುಕೊಂಡ ಜನರಿಗೆ ಆ ಚುನಾವಣೆಯಲ್ಲಿ ಅವರಿಗೆ ಮತ ಹಾಕುವ ಅವಕಾಶವೇ ಇರಲಿಲ್ಲ. ಕ್ಷೇತ್ರದ ಗಡಿ ಎಳೆಯುವವರು ಜನಸಂಖ್ಯೆ ನೋಡಿ ಗೆರೆ ಹಾಕುತ್ತಾರೆ. ಆ ಗೆರೆ ಜನರ ಸಂಬಂಧಗಳ ನಡುವೆಯೂ ಹಾಯ್ದು ಹೋಗುತ್ತದೆ.

ತೆರವಾದ ಸ್ಥಾನಕ್ಕೆ 2024ರ ನವೆಂಬರ್ 13ರಂದು ಉಪಚುನಾವಣೆ. ಬಿಜೆಪಿಯಿಂದ ಬೊಮ್ಮಾಯಿಯವರ ಮಗ ಭರತ್. ಕಾಂಗ್ರೆಸ್ಸಿನಿಂದ ಮತ್ತೆ ಪಠಾಣ್. ಖಾದ್ರಿಯವರು ಪಕ್ಷೇತರರಾಗಿ ನಾಮಪತ್ರ ಹಾಕಿ ಹಿಂದೆ ತೆಗೆದುಕೊಂಡರು. ಆ ಹೊತ್ತಿಗೆ ವಕ್ಫ್ ಜಮೀನಿನ ವಿವಾದ ರಾಜ್ಯದಲ್ಲಿ ಹೊತ್ತಿಕೊಂಡಿತ್ತು. ಮತದಾನಕ್ಕೆ ಎರಡು ವಾರ ಇರುವಾಗ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಅದೇ ಕಾರಣಕ್ಕೆ ಕಲ್ಲು ತೂರಾಟವಾಯಿತು. ಒಂದು ಕಡೆ ಲಿಂಗಾಯತ, ಒಂದು ಕಡೆ ಮುಸ್ಲಿಂ, ನಡುವೆ ಜಮೀನಿನ ಜಗಳ. ಇನ್ನು ಲೆಕ್ಕ ಕಣ್ಣಿಗೆ ಕಾಣುವಂತೆಯೇ ಇದೆ ಎಂದರು ಕಟ್ಟೆಯ ಮೇಲಿನ ಪಂಡಿತರು.

ನವೆಂಬರ್ 23ರಂದು ಎಣಿಕೆ. ಪಠಾಣ್ 1,00,756, ಭರತ್ ಬೊಮ್ಮಾಯಿ 87,308. ಅಂತರ 13,448.

ಒಂದೂವರೆ ವರ್ಷದ ಹಿಂದೆ 35,978 ಮತ ಹಿಂದಿದ್ದವರು 13,448 ಮುಂದೆ ಬಂದರು. ಕೂಡಿಸಿದರೆ 49,426 ಮತಗಳ ತಿರುವು. ಬಿಜೆಪಿ ಕಳೆದುಕೊಂಡದ್ದು 12,708, ಕಾಂಗ್ರೆಸ್ ಗಳಿಸಿದ್ದು 36,718. ಕಳೆದದ್ದಕ್ಕಿಂತ ಗಳಿಸಿದ್ದು ಮೂರು ಪಟ್ಟಿಗೆ ಹತ್ತಿರ. ಎಂದರೆ ಹಿಂದೆ ಬೇರೆಯವರಿಗೆ ಹಾಕಿದವರೂ, ಮನೆಯಲ್ಲೇ ಉಳಿದವರೂ ಈ ಸಲ ಬಂದಿದ್ದಾರೆ. ಯಾವ ಲೆಕ್ಕದಿಂದ ನೋಡಿದರೂ ಈ ಕ್ಷೇತ್ರದಲ್ಲಿ ಒಂದು ಲಕ್ಷ ಮತ ಒಂದೇ ಸಮುದಾಯದಿಂದ ಬರಲು ಸಾಧ್ಯವಿಲ್ಲ. ಲಿಂಗಾಯತರು, ಕುರುಬರು, ದಲಿತರು, ವಾಲ್ಮೀಕಿಗಳು, ಲಂಬಾಣಿಗರು ಕೈಗೂಡಿಸದೆ ಆ ಅಂಕಿ ಬರುವುದಿಲ್ಲ.

ಅಂಕಿ ಹೇಳುವುದು, ಹೇಳದಿರುವುದು

ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ನಾನು ಯಾವ ಪಕ್ಷವನ್ನೂ ಹೊಗಳಲು ಬಂದಿಲ್ಲ. ಉಪಚುನಾವಣೆಯಲ್ಲಿ ಆಡಳಿತ ಪಕ್ಷಕ್ಕೆ ಅನುಕೂಲವಿರುತ್ತದೆ. ಮಂತ್ರಿಗಳು ಬಂದು ಬೀಡು ಬಿಡುತ್ತಾರೆ. ತಿಂಗಳಿಗೆ 2,000 ರೂಪಾಯಿ ಕೈಗೆ ಬರುವ ಹೆಣ್ಣುಮಕ್ಕಳು ಅದನ್ನೂ ಲೆಕ್ಕ ಹಾಕಿರುತ್ತಾರೆ. ಹಾಗೆಯೇ ಬೊಮ್ಮಾಯಿಯವರು ನಾಲ್ಕು ಸಲ ಗೆದ್ದದ್ದನ್ನು ಬರೀ ಜಾತಿಯ ಗೆಲುವು ಎನ್ನುವುದೂ ಅನ್ಯಾಯ. ಅವರು ಸಾದರ ಲಿಂಗಾಯತರು. ಕ್ಷೇತ್ರದ ಲಿಂಗಾಯತರಲ್ಲಿ ಪಂಚಮಸಾಲಿಗಳು ಹೆಚ್ಚು. ಒಳಪಂಗಡ ನೋಡಿ ಮತ ಬೀಳುವಂತಿದ್ದರೆ ಅವರು ಮೊದಲ ಸಲವೇ ಕಷ್ಟಪಡಬೇಕಾಗಿತ್ತು.

ಇನ್ನೊಂದು ಮಾತು. ಮತಯಂತ್ರ ಎಷ್ಟು ಮತ ಯಾರಿಗೆ ಬಿತ್ತು ಎಂದು ಹೇಳುತ್ತದೆ. ಹಾಕಿದವರ ಜಾತಿ ಹೇಳುವುದಿಲ್ಲ. ಹೇಳಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ. ಹೀಗಿದ್ದೂ ಚುನಾವಣೆ ಬಂದರೆ ಸಾಕು, ಲಿಂಗಾಯತರು ಇಷ್ಟು ಸಾವಿರ, ಮುಸ್ಲಿಮರು ಇಷ್ಟು ಸಾವಿರ, ಕುರುಬರು ಇಷ್ಟು ಸಾವಿರ ಎಂದು ಪಟ್ಟಿ ಓಡಾಡುತ್ತದೆ. ಅದನ್ನು ಅಳೆದವರು ಯಾರು? ಯಾರೂ ಅಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದದ್ದು. ಇಂಥ ಅಂದಾಜಿನ ಮೇಲೆ ನಾನು ಒಂದು ಹಳ್ಳದ ಸೇತುವೆಯನ್ನೂ ಕಟ್ಟುತ್ತಿರಲಿಲ್ಲ. ಆ ಪಟ್ಟಿಯ ಮೇಲೆ ಟಿಕೆಟ್ ಹಂಚುತ್ತಾರೆ, ಅದರ ಮೇಲೆ ನಮ್ಮ ಮಠಗಳ ಬಾಗಿಲಿಗೆ ಬರುತ್ತಾರೆ.

ನಿಜವಾಗಿ ಅಳೆದ ಅಂಕಿ ಏನು ಹೇಳುತ್ತದೆ? 1957ರಿಂದ ಈವರೆಗೆ ಈ ಕ್ಷೇತ್ರ ಮೂವರು ಮುಸ್ಲಿಂ ಅಭ್ಯರ್ಥಿಗಳನ್ನು ಒಟ್ಟು ಐದು ಸಲ ಗೆಲ್ಲಿಸಿದೆ. ಅದೇ ಜನ ಖಾದ್ರಿಯವರನ್ನು 1999ರಲ್ಲಿ ಗೆಲ್ಲಿಸಿ, 2008, 2013, 2018ರಲ್ಲಿ ಸೋಲಿಸಿದ್ದಾರೆ. ಪಠಾಣರನ್ನು 2023ರಲ್ಲಿ ಸೋಲಿಸಿ ಮರುವರ್ಷ ಗೆಲ್ಲಿಸಿದ್ದಾರೆ. ಈ ನಡುವೆ ಅವರ ಧರ್ಮ ಬದಲಾಗಿರಲಿಲ್ಲ, ಮತದಾರರ ಜಾತಿಯೂ ಬದಲಾಗಿರಲಿಲ್ಲ. ಬದಲಾಗದ ಕಾರಣದಿಂದ ಬದಲಾದ ಫಲಿತಾಂಶವನ್ನು ವಿವರಿಸಲು ಆಗುವುದಿಲ್ಲ. ಇದು ಇಂಜಿನಿಯರಿಂಗಿನ ಮೊದಲ ಪಾಠ.

ಸ್ಥಾನ ಯಾರ ಸ್ವತ್ತು?

ಅದೇ ದಿನ ರಾಜ್ಯದಲ್ಲಿ ಮೂರು ಕಡೆ ಎಣಿಕೆ ಆಯಿತು. ಶಿಗ್ಗಾಂವಿಯಲ್ಲಿ ಮಾಜಿ ಮುಖ್ಯಮಂತ್ರಿಯ ಮಗ, ಚನ್ನಪಟ್ಟಣದಲ್ಲಿ ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗ, ಸಂಡೂರಿನಲ್ಲಿ ಸಂಸದರ ಪತ್ನಿ. ಮಕ್ಕಳಿಬ್ಬರೂ ಸೋತರು, ಸಂಡೂರಿನವರು ಗೆದ್ದರು. ಮೂರು ಪಕ್ಷಗಳೂ ಮನೆಯೊಳಗಿಂದಲೇ ಅಭ್ಯರ್ಥಿಯನ್ನು ಹುಡುಕಿದವು. ಆದ್ದರಿಂದ ಇದು ಒಂದು ಪಕ್ಷದ ದೋಷವಲ್ಲ.

ಶರಣರ ಹೆಸರು ಹೇಳುವ ನಮಗೆ ಇದು ಚುಚ್ಚಬೇಕು. ಅನುಭವ ಮಂಟಪದ ಶೂನ್ಯಪೀಠಕ್ಕೆ ವಂಶ ಇರಲಿಲ್ಲ. ಅಲ್ಲಮಪ್ರಭುಗಳು ಯಾರ ಮಗನೆಂದು ಅಲ್ಲಿ ಕುಳಿತವರಲ್ಲ. ಅರಿವು ಹುಟ್ಟಿನಿಂದ ಬರುವುದಿಲ್ಲ ಎಂದು ಒಪ್ಪಿದವರು, ಶಾಸಕ ಸ್ಥಾನ ಹುಟ್ಟಿನಿಂದ ಬರುತ್ತದೆ ಎಂದು ಹೇಗೆ ಒಪ್ಪುತ್ತೇವೆ? ಪೂಜ್ಯರ ಸಮ್ಮುಖದಲ್ಲಿ ವಿನಯದಿಂದ ಒಂದು ಮಾತು. ನಮ್ಮ ಕೆಲವು ಮಠಗಳಲ್ಲೂ ಪೀಠ ಮನೆತನದೊಳಗೇ ಸುತ್ತುತ್ತದೆ. ಅದನ್ನು ಸರಿಪಡಿಸಿಕೊಳ್ಳದೆ ರಾಜಕಾರಣಿಗಳಿಗೆ ಬುದ್ಧಿ ಹೇಳಿದರೆ ಅವರು ನಕ್ಕು ಹೋಗುತ್ತಾರೆ.

ಕಾನೂನಿನ ಮಾತನ್ನೂ ನೆನಪಿಸುತ್ತೇನೆ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟಾಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಜಾತಿ ಧರ್ಮ ಮಾತ್ರವಲ್ಲ, ಮತದಾರನ ಜಾತಿ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪು ಎಂದಿತು. 1994ರಲ್ಲಿ ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು ಎತ್ತಿ ಹಿಡಿದ ತೀರ್ಪಿಗೆ ದೇಶವೆಲ್ಲ ಎಸ್.ಆರ್. ಬೊಮ್ಮಾಯಿಯವರ ಹೆಸರನ್ನೇ ಹೇಳುತ್ತದೆ. ನಮ್ಮ ಸೀಮೆಯ ಒಬ್ಬ ಲಿಂಗಾಯತ ನಾಯಕರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ದೇಶಕ್ಕೆ ಸಿಕ್ಕ ತೀರ್ಪು ಅದು. ಅದಕ್ಕೆ ತಕ್ಕಂತೆ ನಡೆಯುವ ಹೊಣೆ ನಮಗೆ ಇತರರಿಗಿಂತ ಒಂದು ತೂಕ ಹೆಚ್ಚೇ ಇದೆ.

ಮೂರು ಕೋರಿಕೆಗಳು

ಬರೀ ಟೀಕೆ ಮಾಡಿ ಕೂಡುವುದು ಸರಿಯಲ್ಲ. ಮಾಡಲು ಸಾಧ್ಯವಿರುವ ಮೂರು ಕೆಲಸಗಳನ್ನು ಈ ಸಭೆಯ ಮುಂದೆ ಇಡುತ್ತೇನೆ.

ಒಂದು, ಚುನಾವಣೆ ಘೋಷಣೆಯಾದ ದಿನದಿಂದ ಮತದಾನ ಮುಗಿಯುವವರೆಗೆ ಮಠದ ವೇದಿಕೆಯ ಮೇಲೆ ಯಾವ ಅಭ್ಯರ್ಥಿಗೂ ಸನ್ಮಾನ, ಶಾಲು, ಹಾರ ಬೇಡ. ದರ್ಶನಕ್ಕೆ ಬರಲಿ, ಪ್ರಸಾದ ಮಾಡಲಿ. ಅದು ಎಲ್ಲರ ಹಕ್ಕು. ಆದರೆ ಆಶೀರ್ವಾದದ ಚಿತ್ರ ಪ್ರಚಾರದ ಚೀಟಿಯ ಮೇಲೆ ಬರಬಾರದು.

ಎರಡು, ಅಭ್ಯರ್ಥಿಗಳನ್ನು ಕರೆಯುವುದಾದರೆ ಎಲ್ಲರನ್ನೂ ಒಟ್ಟಿಗೆ ಕರೆದು ಪ್ರಶ್ನೆ ಕೇಳೋಣ. ಏತ ನೀರಾವರಿಯ ಪಂಪು ವರ್ಷಕ್ಕೆ ಎಷ್ಟು ದಿನ ನಡೆಯುತ್ತದೆ? ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದಾರೆಯೇ? ಕಾಲೇಜು ಮುಗಿಸಿದ ಹುಡುಗರು ಹುಬ್ಬಳ್ಳಿಗೂ ಬೆಂಗಳೂರಿಗೂ ಹೋಗುವುದು ಯಾವಾಗ ನಿಲ್ಲುತ್ತದೆ? ಯಾವ ಪಂಗಡದವರೆಂದು ಕೇಳುವುದಕ್ಕಿಂತ ಈ ಪ್ರಶ್ನೆಗಳು ಕಠಿಣ. ಅನುಭವ ಮಂಟಪದ ದಾರಿಯೂ ಇದೇ. ಅಲ್ಲಿ ಬಂದವರ ಕುಲ ವಿಚಾರಿಸಲಿಲ್ಲ, ಅವರ ಅನುಭವವನ್ನು ಪ್ರಶ್ನೆಗೆ ಒಡ್ಡಿದರು.

ಮೂರು, ನಮ್ಮ ಮನೆಯೊಳಗಿನ ಮತವನ್ನು ಬಿಡುಗಡೆ ಮಾಡೋಣ. ಯಜಮಾನರು ಹೇಳಿದಲ್ಲಿ ಮನೆಯ ಐದೂ ಮತ ಬೀಳಬೇಕು ಎಂಬ ರೂಢಿ ಇನ್ನೂ ಇದೆ. ಅಕ್ಕಮಹಾದೇವಿ ತಾಯಿಯನ್ನು ಪೂಜಿಸುವವರು ಮನೆಯ ಸೊಸೆಗೆ, ಮಗಳಿಗೆ ಒಂದು ಗುಂಡಿ ಒತ್ತುವ ಸ್ವಾತಂತ್ರ್ಯವನ್ನೂ ಕೊಡದಿದ್ದರೆ ಆ ಪೂಜೆ ಯಾತಕ್ಕೆ?

ಮುಂದಿನ ಸಲ ಶಿಗ್ಗಾಂವಿಯಲ್ಲಿ ಯಾರು ಗೆಲ್ಲುತ್ತಾರೋ ನಾನು ಹೇಳಲಾರೆ. ಭರತ್ ಅವರೇ ಗೆಲ್ಲಬಹುದು, ಪಠಾಣ್ ಅವರೇ ಉಳಿಯಬಹುದು, ಹೊಸಬರು ಬರಬಹುದು. ಯಾರೇ ಗೆದ್ದರೂ ಅದನ್ನು ಲಿಂಗಾಯತರ ಗೆಲುವು ಅಥವಾ ಲಿಂಗಾಯತರ ಸೋಲು ಎಂದು ನಾವು ಕರೆಯದಿದ್ದರೆ ಸಾಕು. ಆ ಜನ ಆರು ದಶಕಗಳಿಂದ ಅದನ್ನು ಹಾಗೆ ಕರೆದಿಲ್ಲ. ಅವರು ಪ್ರತಿ ಸಲ ಒಬ್ಬ ಮನುಷ್ಯನನ್ನು ತೂಗಿ ನೋಡಿದ್ದಾರೆ. ಬೇಕಾದರೆ ಇಟ್ಟುಕೊಂಡಿದ್ದಾರೆ, ಬೇಡವಾದರೆ ಇಳಿಸಿದ್ದಾರೆ. ಸಮಾಜದ ಮುಂದಾಳುಗಳು ಎನಿಸಿಕೊಂಡ ನಾವು ಅವರಿಗೆ ದಾರಿ ತೋರಿಸುವ ಮೊದಲು, ಅವರು ನಡೆದ ದಾರಿಯನ್ನು ಒಮ್ಮೆ ನೋಡಿಬರೋಣ.